ಆಂಗ್ಲಭಾಷೆಯಲ್ಲಿ ನರಿಯ ಹೆಸರು

ಬಾಲವಿಲ್ಲದ ನರಿಯನ್ನು ಆಂಗ್ಲೇಯರು ಫಾಕ್ಸ್ ಎಂದು ಕರೆಯಲಾಗದೆಂದು ವಿನೋದಕ್ಕೆ ಹೇಳಬಹುದು. ಏಕೆಂದರೆ ಆ ಶಬ್ದದ ಮೂಲಾರ್ಥವೇ ‘ಬಾಲವುಳ್ಳದ್ದು’ ಎಂಬುದು ಅನೇಕ ಭಾಷಾಶಾಸ್ತ್ರಜ್ಞರ ಮತ. ಜರ್ಮನರ ಫುಕ್ಸ್, ಡಚ್ಚರ ವೊಸ್ ಇವು ಅದರ ಸೋದರಶಬ್ದಗಳು. ಸಂಸ್ಕೃತದ ‘ಪುಚ್ಛ’ವೂ ಇದೇ ಕುಲದ್ದೆಂದು ಊಹಿಸುವರು. ಪಿತೃ ಶಬ್ದಕ್ಕೆ ಫಾದರ್, ಪಾದಕ್ಕೆ ಫುಟ್ ಸಂವಾದಿಯಾಗಿರುವುದನ್ನು ಬಲ್ಲವರಿಗೆ ಇಲ್ಲಿಯ ಪಕಾರವು ಫಕಾರವಾದುದು ಆಶ್ಚರ್ಯವಲ್ಲ.

ಹೆಣ್ಣುನರಿಗೆ ಮಾತ್ರ ವಿಕ್ಸೆನ್ ಎಂದು ಹೆಸರು. ಗಂಡಿಗೆ ಫಕಾರ, ಹೆಣ್ಣಿಗೆ ವಕಾರ ಏಕೆ ಬಂದಿತು? ಇಂಗ್ಲೆಂಡಿನ ದಕ್ಷಿಣ ಸೀಮೆಯ ಹಳ್ಳಿಗರು ಶಬ್ದಾದಿಯ ಫಕಾರವನ್ನು ವಕಾರವಾಗಿ ಉಚ್ಚರಿಸುತ್ತಿದ್ದರು. ಆ ಗ್ರಾಮ್ಯರೂಪವೇ ಶಿಷ್ಟಭಾಷೆಗೆ ಏರಿ ನಿಂತಿತು. ಅದಕ್ಕಿಂತಲೂ ಗಮನಾರ್ಹವಾದುದು ಕೊನೆಯ ‘ಎನ್’ ಎಂಬುದು. ಅದೊಂದು ಪುರಾತನ ಸ್ತ್ರೀಪ್ರತ್ಯಯ. ಪ್ರಾಚೀನ ಆಂಗ್ಲದಲ್ಲಿ ದೇವಿ, ಹೆಣ್ಣುತೋಳ ಮುಂತಾದ ಶಬ್ದಗಳೂ ಇದರಿಂದಲೇ ಸಿದ್ಧಿಸುತ್ತಿದ್ದವು. ಜರ್ಮನ್ ಭಾಷೆಯಲ್ಲಿ ಇದರ ಸೋದರಪ್ರತ್ಯಯವು ಇಂದಿಗೂ ಜೀವಂತವಾಗಿದೆ. ಇಂಗ್ಲಿಷಿನಲ್ಲಿ ಫ್ರೆಂಚಿನಿಂದ ಬಂದ ‘ಎಸ್’ ಪ್ರತ್ಯಯವು ಇದನ್ನು ಹೊರದೂಡಿತು. ಶಿಷ್ಟ ಇಂಗ್ಲಿಷಿನಲ್ಲಿ ಉಳಿದುದು ವಿಕ್ಸೆನ್ ಒಂದರಲ್ಲಿಯೇ. ಹೀಗೆ ಒಂದು ಕುಲಕ್ಕೆಲ್ಲ ಒಂಟಿಯಾಗಿ ಉಳಿದ ಶಬ್ದಕ್ಕೆ ಮರ್ಯಾದೆಯಾದರೂ ದೊರೆಯಿತೇ ಎಂದರೆ ಅದೂ ಇಲ್ಲ. 16ನೆಯ ಶತಮಾನದಲ್ಲಿಯೇ ಅದು ಜಗಳಗಂಟಿಯಾದ ಹೆಂಗಸಿಗೆ ಬೈಗುಳಾಗಿತ್ತು. ಷೇಕ್ಸ್‌ಪಿಯರನ ‘ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಒಬ್ಬ ತರುಣಿಯು ತನ್ನ ಬಾಲ್ಯದ ಗೆಳತಿಯನ್ನೇ ಹೀಗೆ ಹಳಿಯುತ್ತಾಳೆ. ಗಂಡುನರಿಯ ಹೆಸರಾದರೋ ಚತುರನಿಗೆ ಅರ್ಧ ಪ್ರಶಂಸೆಯಾಗಿಯೂ ಸಲ್ಲುತ್ತದೆ. ಈ ಪಕ್ಷಪಾತವು ನರಿಗಳದಲ್ಲ.

ನೆರೆಯ ಫ್ರಾನ್ಸಿನಲ್ಲಿ ಇನ್ನೂ ವಿಚಿತ್ರವಾದ ಸಂಗತಿ ನಡೆಯಿತು. ಅಲ್ಲಿ ನರಿಗೆ ಲ್ಯಾಟಿನ್ ಮೂಲದ ‘ಗೂಪಿಲ್’ ಎಂಬ ಹೆಸರಿತ್ತು. 12ನೆಯ ಶತಮಾನದಿಂದ ಹಬ್ಬಿದ ಪದ್ಯಕಥೆಗಳಲ್ಲಿ ಕಪಟಿಯಾದ ನರಿಯೊಂದಕ್ಕೆ ರೆನಾರ್ ಎಂದು ನಾಮಕರಣವಾಯಿತು. ಆ ಕಥೆಗಳು ಎಷ್ಟು ಜನಪ್ರಿಯವಾದವೆಂದರೆ ಕಾಲಕ್ರಮದಲ್ಲಿ ಅಂಕಿತನಾಮವೇ ರೂಢನಾಮವಾಗಿ ಗೂಪಿಲ್ ಲುಪ್ತಪ್ರಾಯವಾಯಿತು. ಕ್ಯಾಕ್ಸ್‌ಟನ್ನನು ಕ್ರಿ. ಶ. 1481ರಲ್ಲಿ ಈ ಕಥೆಯನ್ನು ಡಚ್ಚಿನಿಂದ ಇಂಗ್ಲಿಷಿಗೆ ತಿರುಗಿಸಿ ಅಚ್ಚು ಹಾಕಿದನು; ಆದರೂ ಅಲ್ಲಿ ಫಾಕ್ಸ್ ಪದಚ್ಯುತವಾಗಲಿಲ್ಲ.

ಇನ್ನು ಆ ಭಾಷೆಯಲ್ಲಿ ಹಳೆಯ ಪುಸ್ತಕದ ಹಾಳೆಗೆ ಕಂದುಬಣ್ಣದ ಚುಕ್ಕೆ ಬಿದ್ದರೂ ‘ಫಾಕ್ಸ್’ ಹಿಡಿಯಿತೆನ್ನುವರು. ಬೇಟೆಯ ನಾಯಿಗಳನ್ನು ಬಿಟ್ಟು ನರಿಯನ್ನು ಅಟ್ಟುವ ವಿನೋದವನ್ನು ಇಂಗ್ಲೆಂಡಿನಲ್ಲಿ 2004ರ ಶಾಸನವು ನಿಷೇಧಿಸಿತು. ಬೇಟೆಯಿಂದ ಬಂದ ನುಡಿಗಟ್ಟುಗಳು ಉಳಿದೇ ಇವೆ.

ಕನ್ನಡದ ಪಾಠಪುಸ್ತಕಗಳಲ್ಲಿ ಒಂದು ತೊಡಕುಂಟು. ಈಸೋಪನ ಫಾಕ್ಸ್ ಕನ್ನಡದಲ್ಲಿ ನರಿ; ಪಂಚತಂತ್ರದ ಕರಟಕ ದಮನಕರೂ ನರಿಗಳೇ. ವಸ್ತುತಃ ಇವೆರಡು ಬೇರೆಬೇರೆ ಪ್ರಾಣಿಗಳು. ಕರಟಕನ ಜಾತಿಯನ್ನು ಸಂಸ್ಕೃತವು ಶೃಗಾಲವೆನ್ನುತ್ತದೆ. ಆ ಶಬ್ದವೇ ಪಾರಸಿಕರಲ್ಲಿ ಶಗಾಲ್, ತುರ್ಕರಲ್ಲಿ ಚಕಾಲ್ ಆಗಿ, 17ನೆಯ ಶತಮಾನದ ಆರಂಭದ ವೇಳೆಗೆ ಆಂಗ್ಲೇಯರ ನಾಲಗೆಯಲ್ಲಿ ಜಾಕಲ್ ಆಯಿತು. ದ್ರಾಕ್ಷಿಯ ಕಥೆಯನ್ನು ಓದುವ ಹಳ್ಳಿಯ ಬಾಲಕನ ಕಣ್ಣಿಗೆ ಕಟ್ಟುವುದು ರಾತ್ರಿ ಊರ ಹೊರಗೆ ಊಳಿಡುವ ಈ ಶೃಗಾಲವೇ. ಮರುದಿನ ಅವನು ‘ಜಾಕಲ್’ ಎಂಬುದನ್ನು ಪರದೇಶದ ಶಬ್ದವೆಂದು ಬಾಯಿಪಾಠ ಮಾಡುತ್ತಾನೆ.