ಬಂಧನವೆಂಬ ಅತಿಚಾರ: ಭೀಮಾ ತೀರದ ದಂಡನೀತಿಯ ಪಾಠ

ಅಫಜಲಪುರ ತಾಲ್ಲೂಕಿನ ಹವಳಗಾ ಗ್ರಾಮವು ಭೀಮಾ ನದಿಯ ಸೀಮೆಗೆ ಸೇರಿದುದು. ಆ ನದಿಯ ಜಾಡು ಹಿಡಿದು ಜೇವರ್ಗಿಯನ್ನು ದಾಟಿ ಮುಂದೆ ಸಾಗಿದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿ ದೊರೆಯುತ್ತದೆ. 1980ರ ದಶಕದಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಯ ಗುಡಿಯ ಛಾವಣಿ ಕುಸಿದುಬಿದ್ದಾಗ, ವಿಗ್ರಹದ ಪೀಠವಾಗಿದ್ದ ಶಿಲೆಯ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡುಬಂದವು. ಅವು ಸಾಮ್ರಾಟ ಅಶೋಕನ ಶಾಸನಗಳು. ಒರಿಸ್ಸಾದ ಧೌಲಿ ಮತ್ತು ಜೌಗಡಗಳಲ್ಲಿ ಮೊದಲೇ ದೊರೆತಿದ್ದ ಪ್ರತ್ಯೇಕ ಶಾಸನಗಳು ಇಲ್ಲಿಯೂ ಇದ್ದುದು ವಿದ್ವಾಂಸರಿಗೆ ಅಚ್ಚರಿಯನ್ನುಂಟುಮಾಡಿತು.

ಆ ಪ್ರತ್ಯೇಕ ಶಾಸನಗಳಲ್ಲಿ ಮೊದಲನೆಯದು ನಗರದ ನ್ಯಾಯಾಧಿಕಾರಿಗಳನ್ನು ಉದ್ದೇಶಿಸಿದುದು. ಕಾರಣವಿಲ್ಲದೆ ಯಾರೂ ಸೆರೆಗಾಗಲಿ ಚಿತ್ರಹಿಂಸೆಗಾಗಲಿ ಗುರಿಯಾಗಬಾರದು. ಈರ್ಷ್ಯೆ, ಕೋಪ, ಕ್ರೌರ್ಯ, ಅವಸರ, ಆಲಸ್ಯಗಳುಳ್ಳವನು ನ್ಯಾಯವನ್ನು ನಡೆಸಲಾರನು. ಇದು ಪಾಲನೆಯಾಗುತ್ತಿದೆಯೇ ಎಂದು ನೋಡಲು ಐದು ವರ್ಷಗಳಿಗೊಮ್ಮೆ ಸೌಮ್ಯ ಸ್ವಭಾವದ ಅಧಿಕಾರಿಯು ಸಂಚಾರ ಮಾಡಬೇಕು ಎಂಬುದು ಅದರ ಆಶಯ. ಎರಡು ಸಾವಿರ ವರ್ಷಗಳಿಗೂ ಹಿಂದೆ, ಬಂಧಿತನ ಮೇಲಿನ ದೋಷಾರೋಪಕ್ಕಿಂತ ಮೊದಲು ಬಂಧಿಸುವವನ ದೋಷಗಳನ್ನು ಎಣಿಸಿದ ಶಾಸನವಿದು.

ಭೀಮೆಯನ್ನು ಕೂಡುವ ಕಾಗಿಣಾ ನದಿಯ ದಡದಲ್ಲಿದೆ ಮಳಖೇಡ, ಅಂದಿನ ಮಾನ್ಯಖೇಟ. ಕ್ರಿ.ಶ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನು ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರು ತಮ್ಮ 'ಆದಿಪುರಾಣ'ದಲ್ಲಿ ದಂಡನೆಯ ಹುಟ್ಟನ್ನೇ ವಿವರಿಸಿದ್ದಾರೆ. ಮೊದಲ ಐವರು ಕುಲಕರರ ಕಾಲದಲ್ಲಿ ತಪ್ಪು ಮಾಡಿದವನಿಗೆ 'ಹಾ' ಎಂಬ ವಿಷಾದದ ನುಡಿಯೊಂದೇ ಶಿಕ್ಷೆಯಾಗಿತ್ತು. ಮುಂದಿನ ಐವರ ಕಾಲಕ್ಕೆ ಇನ್ನು ಮಾಡಬೇಡವೆಂಬ 'ಮಾ' ಸೇರಿತು. ಉಳಿದವರ ಕಾಲಕ್ಕೆ 'ಧಿಕ್' ಎಂಬ ಧಿಕ್ಕಾರವೂ ಬೇಕಾಯಿತು. ವಧೆ, ಬಂಧನ ಮೊದಲಾದ ಶರೀರದಂಡನೆ ಬಂದುದು ಭರತ ಚಕ್ರವರ್ತಿಯ ಕಾಲದಲ್ಲಿ. ಅದೂ ಪ್ರಬಲ ದೋಷವುಳ್ಳವರಿಗೆ ಮಾತ್ರ.

ಈ ಕ್ರಮದ ಅರ್ಥವು ವಿಚಾರಯೋಗ್ಯವಾದುದು. ಅವಸರ್ಪಿಣಿಯಲ್ಲಿ ಕಾಲ ಇಳಿದಂತೆಲ್ಲ ಶಿಕ್ಷೆ ಏರಿತು. ಆದ್ದರಿಂದ ಶಿಕ್ಷೆಯ ಕಾಠಿಣ್ಯವು ರಾಜ್ಯದ ಹಿರಿಮೆಯ ಗುರುತಲ್ಲ, ಸಮಾಜದ ಇಳಿತದ ಅಳತೆಗೋಲು. ಒಂದು ನುಡಿಯಿಂದ ಆಗುವ ಕೆಲಸಕ್ಕೆ ಸಂಕೋಲೆಯನ್ನು ತರಬಾರದೆಂಬುದೇ ಇದರ ತಾತ್ಪರ್ಯ.

ಆದರೆ ಜೈನಾಚಾರ್ಯರು ದಂಡವೇ ಬೇಡವೆಂದವರಲ್ಲ. ಕ್ರಿ.ಶ. 959ರಲ್ಲಿ 'ಯಶಸ್ತಿಲಕ'ವನ್ನು ಪೂರ್ಣಗೊಳಿಸಿದ ಸೋಮದೇವ ಸೂರಿಗಳು 'ನೀತಿವಾಕ್ಯಾಮೃತ'ದಲ್ಲಿ ದಂಡವನ್ನು ವೈದ್ಯಶಾಸ್ತ್ರಕ್ಕೆ ಹೋಲಿಸುತ್ತಾರೆ. ಅದು ದೋಷವನ್ನು ಶುದ್ಧಿಗೊಳಿಸಲಿಕ್ಕಿರುವುದು. ದಂಡವಿಲ್ಲದಿದ್ದರೆ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮತ್ಸ್ಯನ್ಯಾಯ ಉಂಟಾಗುತ್ತದೆ. ದಂಡವು ಪ್ರಜಾಪಾಲನೆಗಾಗಿಯೇ ಹೊರತು ಧನಕ್ಕಾಗಿ ಅಲ್ಲ. ಸ್ವಂತ ಜೀವನಕ್ಕಾಗಿ ಪ್ರಜೆಗಳಲ್ಲಿ ದೋಷ ಹುಡುಕುವವನು ರಾಜನೂ ಅಲ್ಲ, ವೈದ್ಯನೂ ಅಲ್ಲ ಎಂಬುದು ಅವರ ಅಭಿಪ್ರಾಯ. ಕಳವಿಗೆ ಒಳಗಾದ ವರ್ತಕನಿಗೂ ಹಲ್ಲೆಗೆ ಒಳಗಾದ ದುರ್ಬಲನಿಗೂ ರಾಜದಂಡದ ರಕ್ಷಣೆ ಬೇಕು. ಪ್ರಶ್ನೆಯಿರುವುದು ಅದರ ಮಿತಿಯನ್ನು ಕುರಿತು.

ಆ ಮಿತಿಯನ್ನು ಶ್ರಾವಕನ ವ್ರತವೇ ಹೇಳುತ್ತದೆ. ಅಹಿಂಸಾಣುವ್ರತಕ್ಕೆ 'ತತ್ತ್ವಾರ್ಥಸೂತ್ರ'ವು ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿದ ಹೊರೆ ಹೊರಿಸುವುದು, ಅನ್ನನೀರನ್ನು ತಡೆಯುವುದು. ಮನೆಯ ದನಕರುಗಳಿಗೂ ಆಳುಕಾಳುಗಳಿಗೂ ಅನ್ವಯಿಸಿ ಹೇಳಿದ ಈ ಪಟ್ಟಿಯನ್ನು ಸೆರೆಮನೆಯ ಬಾಗಿಲಿನಲ್ಲಿಯೂ ತೂಗುಹಾಕಬಹುದು. ಇದರಲ್ಲಿ ಬಂಧನವೇ ಮೊದಲನೆಯದು. ಕಾರಣವಿದ್ದು ಕಟ್ಟಲೇಬೇಕಾದಾಗಲೂ ಗಂಟು ಸಡಿಲವಾಗಿರಬೇಕು, ಬೆಂಕಿ ಬಿದ್ದರೆ ಕೂಡಲೇ ಬಿಚ್ಚುವಂತಿರಬೇಕು ಎಂದು ಶ್ರಾವಕಾಚಾರದ ವ್ಯಾಖ್ಯಾನಕಾರರು ವಿವರಿಸಿದ್ದಾರೆ.

ಇಂದಿನ ಕಾರಾಗೃಹ ವ್ಯವಸ್ಥೆ ಬೇರೆ ಮೂಲದಿಂದ ಬಂದುದು. 1836-38ರ ಬಂದೀಖಾನೆ ಶಿಸ್ತಿನ ಸಮಿತಿಯು ಸೆರೆವಾಸವು ಭಯ ಹುಟ್ಟಿಸುವಷ್ಟು ಕಠಿಣವಾಗಿರಬೇಕೆಂದು ಬಯಸಿತು. 1894ರ ಕಾರಾಗೃಹ ಕಾಯಿದೆಯು ಶಿಸ್ತಿಗೇ ಪ್ರಾಶಸ್ತ್ಯ ಕೊಟ್ಟಿತು. ಕೈದಿಯ ಸುಧಾರಣೆಯೂ ಗುರಿಯಾಗಬೇಕೆಂಬ ಮಾತನ್ನು 1919-20ರ ಸಮಿತಿಯು ಮುಂದಿಟ್ಟಿತು. ಮಾತು ಬದಲಾದರೂ ಗಂಟು ಸಡಿಲವಾಗಲಿಲ್ಲ. 2022ರ ಕೊನೆಗೆ ಭಾರತದ ಕಾರಾಗೃಹಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಎಂದರೆ ಪ್ರತಿ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ.

ಇದಕ್ಕೆ ನ್ಯಾಯಾಲಯದ ವಿಳಂಬದ ಜೊತೆಗೆ ಬಡತನವೂ ಕಾರಣ. 1978ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಮೋತಿರಾಮ್ ಪ್ರಕರಣದಲ್ಲಿ ಒಬ್ಬ ಗಾರೆಕೆಲಸದವನಿಗೆ 10,000 ರೂಪಾಯಿಗಳ ಜಾಮೀನು ವಿಧಿಸಲಾಗಿತ್ತು. ಅವನ ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಆ ಜಾಮೀನನ್ನೂ ಕೆಳಗಿನ ನ್ಯಾಯಾಲಯ ಒಪ್ಪಿರಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಈ ಮೊತ್ತವನ್ನು 1,000 ರೂಪಾಯಿಗೆ ಇಳಿಸಿದರು. ಹಣವುಳ್ಳವನಿಗೆ ಒಂದು ದಿನದ ಗಂಟು, ಇಲ್ಲದವನಿಗೆ ವರ್ಷಗಳ ಗಂಟು! 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅವಕಾಶವಿರುವ ಅಪರಾಧಗಳನ್ನು ಹೊರತುಪಡಿಸಿ, ಹಿಂದೆ ಯಾವ ಅಪರಾಧದಲ್ಲಿಯೂ ದೋಷಿಯೆನಿಸದ ಆರೋಪಿಯು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ ಮುಚ್ಚಳಿಕೆಯ ಮೇಲೆ ಬಿಡಬೇಕೆನ್ನುತ್ತದೆ. ಕಾನೂನು ದಾರಿ ತೋರಿದರೂ ಅರ್ಜಿ ಬರೆಯುವವರು, ಜಾಮೀನು ನಿಲ್ಲುವವರು ಬೇಕು.

ಇಲ್ಲಿ ಶ್ರಾವಕರಿಗೂ ಬಸದಿಗಳ ಟ್ರಸ್ಟುಗಳಿಗೂ ಕರ್ತವ್ಯವಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರಕ್ಕೆ ಸಮಾಜವು ಧಾರಾಳವಾಗಿ ಕೈಬಿಚ್ಚಿದೆ. ಅನ್ನಛತ್ರ, ಚಿಕಿತ್ಸಾಲಯ, ಗ್ರಂಥಮಾಲೆಗಳು ಅದಕ್ಕೆ ಸಾಕ್ಷಿ. ಅಭಯದಾನವು ಹೆಚ್ಚಾಗಿ ಮೂಕಪ್ರಾಣಿಗಳ ರಕ್ಷಣೆಯಲ್ಲಿ ಸಾರ್ಥಕವಾಗಿದೆ. ಪಾಂಜರಪೋಳಗಳಿಗೆ ಕೊಡುವ ದ್ರವ್ಯದ ಒಂದು ಪಾಲನ್ನು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ತಿಳಿದುಬರುವ ಬಡ ವಿಚಾರಣಾಧೀನರ ಜಾಮೀನಿಗೂ ಅವರ ಮಕ್ಕಳ ವಿದ್ಯೆಗೂ ವಿನಿಯೋಗಿಸಿದರೆ ಅದೂ ಅಭಯದಾನವೇ. ಅಪರಾಧಿಯೋ ನಿರಪರಾಧಿಯೋ ಎಂಬ ತೀರ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ತೀರ್ಪು ಬರುವವರೆಗೆ ಗಂಟು ಎಷ್ಟು ಬಿಗಿಯಾಗಿದೆಯೆಂದು ನೋಡುವುದು ವ್ರತವುಳ್ಳವರಿಗೆ ಬಿಟ್ಟದ್ದು.

ಭೀಮಾ ತೀರದ ಶಿಲೆಯು ಶತಮಾನಗಳ ಕಾಲ ಪೀಠದ ಅಡಿಯಲ್ಲಿ ಮುಚ್ಚಿಹೋಗಿತ್ತು. ಛಾವಣಿ ಕುಸಿಯುವವರೆಗೆ ಅದರ ಮಾತು ಯಾರಿಗೂ ಕೇಳಿಸಲಿಲ್ಲ. ವ್ರತದ ಮೊದಲ ಅತಿಚಾರವಾದರೋ ಪ್ರತಿದಿನದ ಪ್ರತಿಕ್ರಮಣದಲ್ಲಿ ಕಿವಿಗೆ ಬೀಳುತ್ತಲೇ ಇದೆ.