ದಂಡ ಯಾರಿಗೆ, ಪರಿಹಾರ ಯಾರಿಗೆ?

"ರೊಕ್ಕದ ಸಲುವಾಗಿ ಕೇಸ್ ಹಾಕ್ಯಾರ ತಗೋರಿ." ನಮ್ಮ ಕಡೆ ಹಳ್ಳಿಗಳಲ್ಲಿ ಈ ಮಾತು ಕೇಳದವರಿಲ್ಲ. ಹೆಣ್ಣುಮಗಳ ಮೇಲೆ ದೌರ್ಜನ್ಯ ಆಗಿ, ಮನೆಯವರು ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದರೆ ಸಾಕು, ಕಟ್ಟೆ ಮೇಲೆ ಕೂತವರು ತೀರ್ಪು ಕೊಟ್ಟುಬಿಡುತ್ತಾರೆ. ತಮಾಷೆ ಏನಂದ್ರ, ಅದೇ ಮಂದಿ ನಾಲ್ಕು ದಿನ ಬಿಟ್ಟು ರಾಜಿ ಮಾಡಿಸಲು ಬರುತ್ತಾರೆ. "ಎಷ್ಟು ಕೊಡಸೂಣು ಹೇಳ್ರಿ" ಅಂತಾರೆ. ಸರ್ಕಾರದಿಂದ ಬಂದರೆ ಅದು ಹೊಲಸು ರೊಕ್ಕ, ಕಟ್ಟೆಯಿಂದ ಬಂದರೆ ಮರ್ಯಾದೆ ಉಳಿಸುವ ರೊಕ್ಕ!

ನಾನು ವಕೀಲನಲ್ಲ. ಕಮಲಾಪುರ ಸೀಮೆಯ ಹಳ್ಳಿಯಲ್ಲಿ ಬೆಳೆದು, ಬಿಇ ಮಾಡಿ, ಬೆಂಗಳೂರಿನಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೂ ಒಂದು ಪ್ರಶ್ನೆ ಬಹಳ ದಿನದಿಂದ ತಲೆಯಲ್ಲಿತ್ತು. ಪೆಟ್ಟು ತಿಂದವರಿಗೆ ಕಾನೂನು ಕೊಡುವ ಈ ಹಣ ಎಲ್ಲಿಂದ ಬಂತು? ಯಾವಾಗಿನಿಂದ ಬಂತು? ಹುಡುಕುತ್ತ ಹೋದರೆ ಕಥೆ ನಮ್ಮ ಜಿಲ್ಲೆಯಿಂದಲೇ ಶುರುವಾಗುತ್ತದೆ.

ಕಲಬುರಗಿ ಜಿಲ್ಲೆಯ ಮರತೂರು ವಿಜ್ಞಾನೇಶ್ವರನ ಊರೆಂದು ಹೆಸರಾದದ್ದು. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಆತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಕಮಲಾಪುರದಿಂದ ಹುಮನಾಬಾದ್ ರಸ್ತೆ ಹಿಡಿದು ಮುಂದೆ ಹೋದರೆ ಆ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ ಸಿಗುತ್ತದೆ. ಮಿತಾಕ್ಷರ ಅಂದ ಕೂಡಲೇ ನಮಗೆ ನೆನಪಾಗುವುದು ಆಸ್ತಿ ಪಾಲು. ಆದರೆ ಅದರಲ್ಲಿ ಹೊಡೆದಾಟ ಬಡಿದಾಟದ ಪ್ರಕರಣವೂ ಇದೆ, ಅದಕ್ಕೆ ದಂಡಪಾರುಷ್ಯ ಎಂದು ಹೆಸರು. ಅಲ್ಲೊಂದು ಮುಖ್ಯ ನಿಯಮ ಬರುತ್ತದೆ: ಒಬ್ಬನಿಗೆ ಗಾಯ ಮಾಡಿದವನು ಅರಸನಿಗೆ ದಂಡ ಕಟ್ಟಿದರೆ ಮುಗಿಯಲಿಲ್ಲ, ಗಾಯಗೊಂಡವನ ಔಷಧೋಪಚಾರದ ಖರ್ಚನ್ನೂ ಕೊಡಬೇಕು. ಇದಕ್ಕೆ ಸ್ಮೃತಿ ಬಳಸುವ ಪದ 'ಸಮುತ್ಥಾನ ವ್ಯಯ'. ಸಮುತ್ಥಾನ ಅಂದರೆ ಮೇಲೆದ್ದು ನಿಲ್ಲುವುದು. ಬಿದ್ದವರು ಮತ್ತೆ ಎದ್ದು ನಿಲ್ಲಲು ತಗಲುವ ಖರ್ಚು!

ಹಾಗಂತ ಹಳೆಯದೆಲ್ಲ ಚಿನ್ನ ಅಂತ ಹೇಳುತ್ತಿಲ್ಲ. ಅದೇ ಗ್ರಂಥದಲ್ಲಿ ಹೆಂಗಸರ ಮೇಲಿನ ಅಪರಾಧಕ್ಕೆ ಬೇರೆ ಪ್ರಕರಣವಿದೆ. ಅಲ್ಲಿ ಶಿಕ್ಷೆ ಏರುವುದು ಇಳಿಯುವುದು ಇಬ್ಬರ ಜಾತಿ ನೋಡಿ. ದಂಡ ಹೋಗುತ್ತಿದ್ದದ್ದು ಅರಸನ ಬೊಕ್ಕಸಕ್ಕೆ. ಆ ಹೆಣ್ಣುಮಗಳ ಸಮುತ್ಥಾನದ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ.

ಮುಂದೆ ನಮ್ಮದು ನಿಜಾಮನ ಸೀಮೆಯಾಯಿತು. ವಕೀಲ, ಜುಲ್ಮಾನೆ, ರಾಜಿನಾಮೆ ಎಂಬ ಮಾತುಗಳು ನಮ್ಮ ನಾಲಿಗೆಯಲ್ಲಿ ಬೇರೂರಿದವು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1951ರಲ್ಲಿ ಬ್ರಿಟಿಷರ ಕಾಲದ 1898ರ ದಂಡ ಪ್ರಕ್ರಿಯಾ ಸಂಹಿತೆ ನಮಗೂ ಅನ್ವಯವಾಯಿತು. ಅದರ 545ನೇ ಕಲಮಿನಲ್ಲಿ ಸಣ್ಣದೊಂದು ಬಾಗಿಲಿತ್ತು: ನ್ಯಾಯಾಧೀಶರು ದಂಡ ಹಾಕಿದರೆ, ಬಂದ ದಂಡದಲ್ಲಿ ಸ್ವಲ್ಪ ನೊಂದವರಿಗೆ ಕೊಡಿಸಬಹುದು. ದಂಡವೇ ಹಾಕದಿದ್ದರೆ? ಏನೂ ಇಲ್ಲ. 1973ರ ಹೊಸ ಸಂಹಿತೆಯ 357ನೇ ಕಲಂ ಒಂದು ಹೆಜ್ಜೆ ಮುಂದೆ ಹೋಯಿತು. ದಂಡ ಹಾಕದಿದ್ದರೂ ಅಪರಾಧಿಯಿಂದ ಪರಿಹಾರ ಕೊಡಿಸಬಹುದು ಎಂದಿತು. ಆದರೆ ಅಪರಾಧಿ ಸಿಗಬೇಕು, ಶಿಕ್ಷೆ ಆಗಬೇಕು, ಅವನ ಕಿಸೆಯಲ್ಲಿ ರೊಕ್ಕ ಇರಬೇಕು. ಇಷ್ಟಾದ ಮೇಲೆ ನ್ಯಾಯಾಧೀಶರಿಗೆ ನೆನಪಾಗಬೇಕು! ಈ ಅಧಿಕಾರವನ್ನು ಧಾರಾಳವಾಗಿ ಬಳಸಿರಪ್ಪ ಅಂತ 1988ರ ಹರಿಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಕೆಳಗಿನ ಕೋರ್ಟುಗಳಿಗೆ ಹೇಳಬೇಕಾಯಿತು.

ನಮ್ಮ ಆಫೀಸಿನಲ್ಲಿ ಒಂದು ರೂಢಿಯಿದೆ. ಗ್ರಾಹಕ ದೂರು ಕೊಟ್ಟರೆ ಅದಕ್ಕೊಂದು ಟಿಕೆಟ್ ನಂಬರು ಬೀಳುತ್ತದೆ. ತಪ್ಪು ಮಾಡಿದ ಪ್ರೋಗ್ರಾಂ ಯಾವುದು ಅಂತ ಹುಡುಕಿ, ಸರಿಮಾಡಿ, ಟಿಕೆಟ್ ಮುಚ್ಚುತ್ತೇವೆ. ಆದರೆ ಗ್ರಾಹಕನ ಕಳೆದುಹೋದ ಲೆಕ್ಕಪತ್ರ ವಾಪಸ್ ಬಂತೇ? ಅದನ್ನು ಯಾರೂ ಕೇಳದಿದ್ದರೆ ಟಿಕೆಟ್ ಮುಚ್ಚಿ ಏನು ಬಂತು? ಕ್ರಿಮಿನಲ್ ಕೋರ್ಟು ಬಹುಕಾಲ ನಡೆದದ್ದು ಹೀಗೆಯೇ. ಕೇಸು ಸರ್ಕಾರಕ್ಕೂ ಆರೋಪಿಗೂ ನಡುವೆ. ಪೆಟ್ಟು ತಿಂದವಳು ಬರೀ ಸಾಕ್ಷಿ. ಸಾಕ್ಷಿ ಹೇಳಿ, ಬಸ್ಸು ಹತ್ತಿ ಊರಿಗೆ ಹೋಗಬೇಕು.

ಈ ಲೆಕ್ಕ ತಪ್ಪು ಅಂತ 1950ರ ದಶಕದಲ್ಲಿ ಇಂಗ್ಲೆಂಡಿನ ಮಾರ್ಜರಿ ಫ್ರೈ ಎಂಬ ಹೆಣ್ಣುಮಗಳು ವಾದಿಸಿದಳು. ಜನರನ್ನು ಕಾಪಾಡುತ್ತೇನೆ ಎಂದು ಸರ್ಕಾರ ಮಾತು ಕೊಟ್ಟಿದೆ, ಕಾಪಾಡಲು ಆಗದಿದ್ದರೆ ನಷ್ಟದಲ್ಲಿ ಅದಕ್ಕೂ ಪಾಲಿದೆ ಎಂಬುದು ಆ ವಾದದ ತಿರುಳು. 1963ರಲ್ಲಿ ನ್ಯೂಜಿಲೆಂಡ್ ಇದಕ್ಕೆಂದೇ ಕಾಯ್ದೆ ಮಾಡಿತು, ಮರುವರ್ಷ ಬ್ರಿಟನ್ ಯೋಜನೆ ತಂದಿತು. 1985ರಲ್ಲಿ ವಿಶ್ವಸಂಸ್ಥೆ ಅಪರಾಧಕ್ಕೆ ಬಲಿಯಾದವರ ಹಕ್ಕುಗಳ ಬಗ್ಗೆ ಘೋಷಣೆ ಹೊರಡಿಸಿತು.

ನಮ್ಮಲ್ಲಿ ಗಾಡಿ ನಿಧಾನ. 1993ರಲ್ಲಿ ರಾಂಚಿ ಕಡೆಯಿಂದ ದೆಹಲಿಗೆ ಹೊರಟಿದ್ದ ಮುರಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಮನೆಗೆಲಸದ ಆರು ಹೆಣ್ಣುಮಕ್ಕಳ ಮೇಲೆ ಸೈನ್ಯದ ಏಳು ಜನ ದೌರ್ಜನ್ಯ ಎಸಗಿದರೆಂಬ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. 1994ರ ತೀರ್ಪಿನಲ್ಲಿ ಕೋರ್ಟು ಎರಡು ದೊಡ್ಡ ಮಾತು ಹೇಳಿತು. ಒಂದು, ದೂರು ಕೊಡುವವಳಿಗೆ ಠಾಣೆಯಿಂದಲೇ ವಕೀಲರ ನೆರವು ಸಿಗಬೇಕು. ಎರಡು, ಅಪರಾಧಿಗೆ ಶಿಕ್ಷೆ ಆಗಲಿ ಬಿಡಲಿ, ಪರಿಹಾರ ಕೊಡಲು ಒಂದು ಮಂಡಳಿ ಇರಬೇಕು. 1995ರಲ್ಲಿ ಬೋಧಿಸತ್ವ ಗೌತಮ್ ಪ್ರಕರಣದಲ್ಲಿ, ಕೇಸು ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ ಮಧ್ಯಂತರ ಪರಿಹಾರ ಕೊಡಬೇಕೆಂದು ಆರೋಪಿಗೇ ಆದೇಶಿಸಿತು. ಇಷ್ಟಾದರೂ ಇಂಥ ನಿಧಿ ಶಾಸನವಾಗಿ ಜಾರಿಗೆ ಬರಲು 2009ರ ಡಿಸೆಂಬರ್ 31ರವರೆಗೆ ಕಾಯಬೇಕಾಯಿತು. ಅಂದು ಜಾರಿಗೆ ಬಂದದ್ದು 357ಎ ಕಲಂ. ಅದರಂತೆ ಕರ್ನಾಟಕ 2011ರ ಸಂತ್ರಸ್ತರ ಪರಿಹಾರ ಯೋಜನೆ ಮಾಡಿತು.

ಆ ಮಧ್ಯೆ ಕರ್ನಾಟಕದ ಹೆಣ್ಣುಮಕ್ಕಳೂ ಸುಮ್ಮನೆ ಕೂತಿರಲಿಲ್ಲ. 1999ರಲ್ಲಿ ಬೆಂಗಳೂರಿನ ಯುವತಿಯೊಬ್ಬಳ ಮೇಲೆ ಆಕೆ ಹಿಂದೆ ಕೆಲಸ ಮಾಡುತ್ತಿದ್ದ ಕಡೆಯ ಮಾಲೀಕ ಆಸಿಡ್ ಸುರಿದ. ಅವನಿಗೆ ಹೈಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟದ್ದು 2006ರಲ್ಲಿ. ಆ ವರ್ಷಗಳಲ್ಲಿ ಒಂದರ ಮೇಲೊಂದು ಆಪರೇಷನ್ನು, ಅದರ ಖರ್ಚು ಮಾತ್ರ ಮನೆಯವರ ತಲೆ ಮೇಲೆ. ಆಸಿಡ್ ದಾಳಿಯ ವಿರುದ್ಧ ರಾಜ್ಯದಲ್ಲಿ ಮಹಿಳೆಯರು ಕಟ್ಟಿದ ಹೋರಾಟ ಈ ಖರ್ಚಿನ ಪ್ರಶ್ನೆಯನ್ನು ಬೀದಿಗೆ ತಂದಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ದಾಳಿಗೆ ಕನಿಷ್ಠ 3 ಲಕ್ಷ ಕೊಡಬೇಕು, ಅದರಲ್ಲಿ 1 ಲಕ್ಷ 15 ದಿನದೊಳಗೆ ಎಂದಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅತ್ಯಾಚಾರಕ್ಕೂ ಆಸಿಡ್ ದಾಳಿಗೂ ಒಳಗಾದವರಿಗೆ ಸರ್ಕಾರಿ ಇರಲಿ ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ಪುಕ್ಕಟೆ ಚಿಕಿತ್ಸೆ ಕೊಡಬೇಕೆಂಬ ಕಾನೂನು ಬಂತು. ಕೊಡದಿದ್ದರೆ ಆಸ್ಪತ್ರೆ ನಡೆಸುವವರಿಗೇ ಶಿಕ್ಷೆ. ಮರತೂರಿನ ಪಂಡಿತ ವಿವರಿಸಿದ ಸಮುತ್ಥಾನ ವ್ಯಯ ಕೊನೆಗೂ ಹೆಣ್ಣುಮಗಳ ಹೆಸರಿಗೆ ಬಂದಿತ್ತು.

ಈಗ ವ್ಯವಸ್ಥೆ ಹೇಗಿದೆ ನೋಡ್ರಿ. 357ಎ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಆಗಿದೆ. ಹಣದ ಮೊತ್ತ ತೀರ್ಮಾನಿಸುವುದು ಕಾನೂನು ಸೇವಾ ಪ್ರಾಧಿಕಾರ. ಕಮಲಾಪುರದವರಿಗೆ ಅದು ಕಲಬುರಗಿಯ ಜಿಲ್ಲಾ ಪ್ರಾಧಿಕಾರ. ಆರೋಪಿ ಖುಲಾಸೆ ಆದರೂ ಪರಿಹಾರಕ್ಕೆ ಕೋರ್ಟು ಶಿಫಾರಸು ಮಾಡಬಹುದು. ಆರೋಪಿ ಯಾರೆಂದೇ ಗೊತ್ತಾಗದೆ ವಿಚಾರಣೆ ನಡೆಯದಿದ್ದರೆ ನೊಂದವರೇ ನೇರವಾಗಿ ಅರ್ಜಿ ಹಾಕಬಹುದು. ವಿಚಾರಣೆ ಎರಡು ತಿಂಗಳಲ್ಲಿ ಮುಗಿಯಬೇಕು. 2018ರ ಅಕ್ಟೋಬರ್ 2ರಿಂದ ಜಾರಿಯಾದ ರಾಷ್ಟ್ರೀಯ ಪ್ರಾಧಿಕಾರದ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ಎಂದಿದೆ. ಸಾಮಾನ್ಯವಾಗಿ ಇದರ ಮುಕ್ಕಾಲು ಪಾಲು ಬ್ಯಾಂಕಿನಲ್ಲಿ ಠೇವಣಿಯಾಗಿ ಉಳಿಯುತ್ತದೆ, ಕಾಲು ಪಾಲು ಕೈಗೆ ಬರುತ್ತದೆ. ಮಕ್ಕಳ ಮೇಲಿನ ಅಪರಾಧಕ್ಕೆ 2012ರ ಪೋಕ್ಸೋ ಕಾಯ್ದೆಯಡಿ ವಿಶೇಷ ನ್ಯಾಯಾಲಯವೇ ಮಧ್ಯಂತರ ಪರಿಹಾರ ಕೊಡಿಸಬಹುದು. ದಲಿತ, ಆದಿವಾಸಿ ಹೆಣ್ಣುಮಕ್ಕಳಿಗೆ ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಪ್ರತ್ಯೇಕ ನೆರವಿದೆ. 2016ರ ತಿದ್ದುಪಡಿಯಂತೆ ಅತ್ಯಾಚಾರ ಪ್ರಕರಣದಲ್ಲಿ ಅರ್ಧ ಹಣ ವೈದ್ಯಕೀಯ ವರದಿ ಬಂದಾಗಲೇ, ಕಾಲು ಪಾಲು ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ, ಉಳಿದದ್ದು ವಿಚಾರಣೆ ಮುಗಿದಾಗ.

ಕಾಗದದ ಮೇಲೆ ಎಲ್ಲ ಚಂದ. ಕಷ್ಟ ಇರುವುದು ಹಳ್ಳಿಯಿಂದ ಪ್ರಾಧಿಕಾರದ ಬಾಗಿಲವರೆಗಿನ ದಾರಿಯಲ್ಲಿ. ಅಂಥದ್ದೊಂದು ಕಚೇರಿ ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ. ಕೂಲಿ ಬಿಟ್ಟು ಕಲಬುರಗಿಗೆ ಎಷ್ಟು ಸಲ ಓಡಾಡುವುದು? ದಾರಿ ಸ್ವಲ್ಪ ಹತ್ತಿರವಾಗಿದೆ ಅನ್ನುವುದೂ ನಿಜ. 2008ರ ಜುಲೈವರೆಗೆ ಹೈಕೋರ್ಟಿಗೆ ಹೋಗಬೇಕೆಂದರೆ ರಾತ್ರಿಯಿಡೀ ರೈಲಿನಲ್ಲಿ ಕೂತು ಬೆಂಗಳೂರು ಸೇರಬೇಕಿತ್ತು. ಆ ತಿಂಗಳು ಕಲಬುರಗಿಯಲ್ಲೇ ಸಂಚಾರಿ ಪೀಠ ಶುರುವಾಯಿತು, 2013ರಲ್ಲಿ ಅದು ಕಾಯಂ ಆಯಿತು. ಪರಿಹಾರದ ಬಗ್ಗೆ ಪ್ರತಿ ಕೇಸಿನಲ್ಲೂ ಯೋಚಿಸಿ, ಕೊಟ್ಟರೂ ಬಿಟ್ಟರೂ ಕಾರಣ ಬರೆಯಲೇಬೇಕು ಎಂದು ಅದೇ ವರ್ಷ ಅಂಕುಶ್ ಗಾಯಕವಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅತ್ಯಾಚಾರ ಕೇಸಿನಲ್ಲಿ ರಾಜಿ ಆಯಿತೆಂದು ಶಿಕ್ಷೆ ಕಡಿಮೆ ಮಾಡುವಂತಿಲ್ಲ ಎಂದೂ ಅದೇ ವರ್ಷ ಹೇಳಿದೆ. ಕಟ್ಟೆಯ ರಾಜಿ ರೊಕ್ಕ ಬಾಯಿ ಮುಚ್ಚಿಸಲು ಕೊಡುವುದು. ಪ್ರಾಧಿಕಾರದ ಪರಿಹಾರಕ್ಕೆ ಯಾರೂ ಬಾಯಿ ಮುಚ್ಚಬೇಕಿಲ್ಲ, ಕೇಸು ತನ್ನ ಪಾಡಿಗೆ ನಡೆಯುತ್ತದೆ.

ನಮ್ಮದು ತೊಗರಿ ನಾಡು. ಮಳೆ ಕೈಕೊಟ್ಟು ಬೆಳೆ ಹೋದಾಗ ಇಡೀ ಊರು ಬೆಳೆ ಪರಿಹಾರದ ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲುತ್ತದೆ. ಅಲ್ಲಿ ಯಾರೂ "ರೊಕ್ಕದ ಸಲುವಾಗಿ ತೊಗರಿ ಒಣಗಿಸ್ಯಾನ" ಅಂತ ರೈತನಿಗೆ ಅನ್ನುವುದಿಲ್ಲ. ನಷ್ಟ ಆಗಿದೆ, ಸರ್ಕಾರ ಕೊಡಬೇಕು, ಅಷ್ಟೇ. ಹೊಲಕ್ಕೆ ಇರುವ ಈ ನ್ಯಾಯ ಮಗಳಿಗೆ ಯಾಕಿಲ್ಲ? ಮುಂದಿನ ಸಲ ನಿಮ್ಮೂರಲ್ಲಿ ಯಾರಾದರೂ ಆ ಹಳೇ ಮಾತು ಆಡಿದರೆ ಇದೊಂದು ಪ್ರಶ್ನೆ ಕೇಳಿ ನೋಡ್ರಿ. ಆಮೇಲೆ ಆ ಮನೆಗೆ ಹೋಗಿ, ಕಲಬುರಗಿ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರ ಅಂತ ಒಂದಿದೆ, ಅರ್ಜಿ ಹಾಕಲು ರೊಕ್ಕ ಬೇಕಿಲ್ಲ, ವಕೀಲರನ್ನೂ ಅವರೇ ಕೊಡ್ತಾರ, ಅಂತ ಹೇಳಿ ಬರ್ರಿ.