ತಹ್ರೀಫ್: ಗ್ರಂಥಪಾಠದ ಬಗ್ಗೆ ಮುಸ್ಲಿಂ–ಕ್ರೈಸ್ತ ವಾದದ ಇತಿಹಾಸ

ತಹ್ರೀಫ್ ಅರಬ್ಬಿ ಪದ; ತಿರುಚುವುದು, ಇದ್ದ ಜಾಗದಿಂದ ಕದಲಿಸುವುದು ಎಂದು ಅರ್ಥ. ಯೆಹೂದ್ಯರೂ ಕ್ರೈಸ್ತರೂ ತಮಗೆ ಬಂದ ದೇವವಾಕ್ಯವನ್ನು ಮಾರ್ಪಡಿಸಿದರು ಎಂಬ ಮುಸ್ಲಿಂ ನಿಲುವಿಗೆ ಈ ಹೆಸರು. ಕುರ್‌ಆನ್ ತೌರಾತ್ (ಮೋಶೆಯ ಗ್ರಂಥ), ಜಬೂರ್ (ಕೀರ್ತನೆಗಳು), ಇಂಜೀಲ್ (ಸುವಾರ್ತೆ) ಇವನ್ನು ದೇವರೇ ಇಳಿಸಿದ ಗ್ರಂಥಗಳೆಂದು ಗೌರವಿಸುತ್ತದೆ. ಮಾತನ್ನು ತಿರುಚಿದವರ ಮೇಲೆ ದೂರನ್ನೂ ಹೇಳುತ್ತದೆ. ತಿರುಚಿದ್ದು ಅಕ್ಷರವನ್ನೋ ಅರ್ಥವನ್ನೋ ಎಂಬ ವಿಷಯದಲ್ಲಿ ಮುಸ್ಲಿಂ ವಿದ್ವಾಂಸರಲ್ಲೇ ಒಮ್ಮತವಿರಲಿಲ್ಲ.

ವಾದದ ಬೇರು ಇನ್ನೂ ಆಳದಲ್ಲಿದೆ. ಮುಸ್ಲಿಮರಿಗೆ ಗ್ರಂಥವೆಂದರೆ ಪ್ರವಾದಿಯ ಮೇಲೆ ಇಳಿದ ನುಡಿ. ಆದ್ದರಿಂದ ಈಸಾರಿಗೆ (ಯೇಸುವಿಗೆ) ಕೊಟ್ಟ ಇಂಜೀಲ್ ಎಲ್ಲಿ ಎಂದು ಅವರು ಕೇಳುತ್ತಾರೆ. ಕ್ರೈಸ್ತರಿಗೆ ಯೇಸುವೇ ದೇವರ ವಾಕ್ಯ. ನಾಲ್ಕು ಸುವಾರ್ತೆಗಳು ಆತನನ್ನು ಕುರಿತ ಸಾಕ್ಷ್ಯ. ಯೇಸುವಿನ ಕೈಗೆ ಒಂದು ಪುಸ್ತಕ ಬಂದಿತ್ತೆಂದು ಅವರು ಎಂದೂ ಹೇಳಿದವರಲ್ಲ.

ಯೇಸು ಆಡಿದ್ದು ಅರಮಾಯಿಕ್. ಹೊಸ ಒಡಂಬಡಿಕೆ ಇರುವುದು ಗ್ರೀಕಿನಲ್ಲಿ. ಅದರ ಅತಿ ಹಳೆಯ ಭಾಗ ಪೌಲನ ಪತ್ರಗಳು, ಕ್ರಿ.ಶ. 50ರ ದಶಕದವು. ಅಂತಿಯೋಕ್ಯ, ಕೊರಿಂಥ, ರೋಮ್ ಎಂದು ಸಭೆಗಳು ಹಬ್ಬಿದಂತೆ ಓದು ಬಲ್ಲ ಭಕ್ತರು ಪ್ರತಿ ಮಾಡಿಕೊಂಡರು; ಸಿರಿಯಾಕ್, ಲ್ಯಾಟಿನ್, ಕಾಪ್ಟಿಕ್ ಅನುವಾದಗಳು ಬಂದವು. ಮ್ಯಾಂಚೆಸ್ಟರ್‌ನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಅಂಗೈಗಿಂತ ಚಿಕ್ಕದಾದ ಪಪೈರಸ್ ಚೂರೊಂದಿದೆ: ಸುಮಾರು 9 ಸೆಂ.ಮೀ. ಎತ್ತರ, 6 ಸೆಂ.ಮೀ. ಅಗಲ. ಬಂದದ್ದು ಈಜಿಪ್ಟಿನಿಂದ, ಸಾಮಾನ್ಯವಾಗಿ 2ನೇ ಶತಮಾನದ್ದೆಂದು ಎಣಿಸುತ್ತಾರೆ. ಪಿಲಾತನ ಮುಂದೆ ಯೇಸುವಿನ ವಿಚಾರಣೆ ನಡೆದ ಭಾಗದ ಹರಿದ ಸಾಲುಗಳು ಅದರ ಎರಡೂ ಬದಿಗಿವೆ. ಸುರುಳಿಯನ್ನು ಬಿಟ್ಟು ಹಾಳೆಗಳ ಪುಸ್ತಕವನ್ನು ಹಿಡಿದ ಸಮುದಾಯದ ಗುರುತು ಅದು.

ಕುರ್‌ಆನಿನ ಪಾಠ ಉಳಿದ ಬಗೆ ಬೇರೆ. 650ರ ಸುಮಾರಿಗೆ ಖಲೀಫ ಉಸ್ಮಾನರು ಅದರ ಒಂದೇ ಪಾಠವನ್ನು ನಗರಗಳಿಗೆ ಕಳಿಸಿ ಉಳಿದ ಪ್ರತಿಗಳನ್ನು ಸುಡಿಸಿದರೆಂದು ಮುಸ್ಲಿಂ ಪರಂಪರೆ ಹೇಳುತ್ತದೆ. ಮೊದಲ ಮುನ್ನೂರು ವರ್ಷ ಕ್ರೈಸ್ತರಲ್ಲಿ ಅಂಥ ಆಜ್ಞೆ ಹೊರಡಿಸಬಲ್ಲ ಅಧಿಕಾರವೇ ಇರಲಿಲ್ಲ. 313ರಲ್ಲಿ ರೋಮನ್ ಸಾಮ್ರಾಜ್ಯದಲ್ಲಿ ಅವರ ಧರ್ಮಕ್ಕೆ ಸ್ವಾತಂತ್ರ್ಯ ಸಿಕ್ಕಿತು. ಹೊಸ ಒಡಂಬಡಿಕೆಯ ಇಂದಿನ 27 ಪುಸ್ತಕಗಳ ಪಟ್ಟಿ ಅಲೆಕ್ಸಾಂಡ್ರಿಯದ ಅಥನೇಸಿಯಸ್ 367ರಲ್ಲಿ ಬರೆದ ಪತ್ರದಲ್ಲಿದೆ.

ಕ್ರೈಸ್ತ ಪಾಠ ಹೀಗೆ ಹಲವು ಊರು, ಭಾಷೆಗಳಿಗೆ ಹರಡಿದ್ದನ್ನೇ ಎರಡೂ ಕಡೆಯವರು ಸಾಕ್ಷಿಗೆ ಕರೆದರು. 782ರ ಸುಮಾರಿಗೆ ಬಾಗ್ದಾದ್‌ನಲ್ಲಿ ಖಲೀಫ ಅಲ್-ಮಹದಿಯ ಮುಂದೆ ಪೂರ್ವ ಸಭೆಯ ಮುಖ್ಯ ಧರ್ಮಗುರು (ಪೇಟ್ರಿಯಾರ್ಕ್) ಒಂದನೇ ಟಿಮೊತಿ ವಾದಿಸಿದರು: ಯೆಹೂದ್ಯರೂ ಕ್ರೈಸ್ತರೂ ಪರಸ್ಪರ ವೈರಿಗಳು, ಆದರೂ ಇಬ್ಬರ ಕೈಯಲ್ಲಿರುವ ಪ್ರವಾದಿಗಳ ಗ್ರಂಥ ಒಂದೇ, ಕೂಡಿ ತಿದ್ದುವುದು ಹೇಗೆ? ಕೊನೆಗೆ ಅವರು ನಿಜವಾದ ನಂಬಿಕೆಯನ್ನು ಕತ್ತಲ ಮನೆಯಲ್ಲಿ ಬಿದ್ದ ಮುತ್ತಿಗೆ ಹೋಲಿಸಿದರು. ಎಲ್ಲರೂ ತಡಕಾಡುತ್ತಾರೆ, ಒಬ್ಬನಿಗೆ ಮುತ್ತು, ಉಳಿದವರಿಗೆ ಗಾಜು, ಕಲ್ಲು. ಬೆಳಕಾದ ಮೇಲಷ್ಟೇ ತಿಳಿಯುತ್ತದೆ. ಖಲೀಫನ ಎದುರು ನಿಂತು ಇಷ್ಟು ಹೇಳುವುದಕ್ಕೆ ಧೈರ್ಯ ಬೇಕು, ಕೇಳುವುದಕ್ಕೆ ತಾಳ್ಮೆ ಬೇಕು.

ರೇಯ್ ಪಟ್ಟಣದ ನ್ಯಾಯಾಧೀಶ ಅಬ್ದುಲ್ ಜಬ್ಬಾರ್ (ಮರಣ 1025) ಅದೇ ಇತಿಹಾಸವನ್ನು ತಿರುಗಿಸಿ ಓದಿದರು. ಶಿಷ್ಯರು ಯೇಸುವಿನ ಭಾಷೆಯನ್ನು ಬಿಟ್ಟಾಗಲೇ ಮೂಲ ಕೈತಪ್ಪಿತು. ಪೌಲ ಸುನ್ನತಿಯನ್ನು ಕೈಬಿಡಿಸಿದ. ರೋಮನ್ನರು ಕ್ರೈಸ್ತರಾಗಲಿಲ್ಲ, ಕ್ರೈಸ್ತರೇ ರೋಮನ್ನರಾದರು ಎಂಬುದು ಅವರ ವಾದದ ಸಾರ. ಕೊರ್ಡೋಬಾದ ಇಬ್ನ್ ಹಜ್ಮ್ (994–1064) ಬೈಬಲನ್ನು ಸಾಲುಸಾಲಾಗಿ ಓದಿ ಸಂಖ್ಯೆ, ವಂಶಾವಳಿಗಳ ವಿರೋಧಗಳನ್ನು ಹೆಕ್ಕಿದರು. 15ನೇ ಶತಮಾನದ ಅಲ್-ಬಿಕಾಯಿ ಮಾತ್ರ ಕುರ್‌ಆನ್ ವ್ಯಾಖ್ಯಾನಕ್ಕೇ ಬೈಬಲ್ ಬಳಸಿ, ಆಕ್ಷೇಪ ಬಂದಾಗ ಸಮರ್ಥಿಸಿಕೊಂಡರು.

ಭಾರತದಲ್ಲಿ ವಾದ ಕಾವೇರಿದ್ದು ಆಗ್ರಾದಲ್ಲಿ, 1854ರ ಏಪ್ರಿಲ್‌ನಲ್ಲಿ. ಒಂದು ಕಡೆ ಜರ್ಮನ್ ಮಿಷನರಿ ಕಾರ್ಲ್ ಫಾಂಡರ್; ಮಂಗಳೂರಿಗೆ ಬಂದ ಮೋಗ್ಲಿಂಗರಂತೆ ಬಾಸೆಲ್‌ನಲ್ಲೇ ತರಬೇತಾದವರು. ಇನ್ನೊಂದು ಕಡೆ ಮೌಲಾನಾ ರಹಮತುಲ್ಲಾ ಕೈರಾನವಿ, ಜೊತೆಗೆ ಡಾಕ್ಟರ್ ವಜೀರ್ ಖಾನ್. ಇವರು ಯುರೋಪಿನ ಬೈಬಲ್ ವಿಮರ್ಶಕರ ಪುಸ್ತಕಗಳನ್ನೇ ಎದುರಿಗಿಟ್ಟರು. ಒಂದು ಉದಾಹರಣೆ: ಯೋಹಾನನ ಮೊದಲ ಪತ್ರದ 5ನೇ ಅಧ್ಯಾಯದ 7ನೇ ವಚನದಲ್ಲಿ ತ್ರಿಯೇಕತ್ವವನ್ನು ನೇರವಾಗಿ ಸಾರುವ ಮಾತು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿಲ್ಲ. ವಿದ್ವಾಂಸ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯ 1516 ಮತ್ತು 1519ರ ಮುದ್ರಣಗಳಲ್ಲಿ ಅದನ್ನು ಬಿಟ್ಟು 1522ರಲ್ಲಿ ಸೇರಿಸಿದ್ದರು. ಪಾಠಭೇದಗಳನ್ನು ಫಾಂಡರ್ ಒಪ್ಪಿಕೊಂಡರು. ತತ್ತ್ವಕ್ಕೆ ಅವು ಧಕ್ಕೆಯಲ್ಲ ಎಂದರು. ಎರಡೇ ದಿನಕ್ಕೆ ಸಭೆ ಮುರಿಯಿತು. ಗೆದ್ದವರು ಯಾರೆಂದು ಎಣಿಸುವ ಭರದಲ್ಲಿ, ಎದುರಾಳಿಯ ಗ್ರಂಥವನ್ನು ಕೈರಾನವಿ, ವಜೀರ್ ಖಾನ್ ಎಷ್ಟು ಶ್ರಮಪಟ್ಟು ಓದಿದ್ದರೆಂಬುದು ಮರೆತುಹೋಗುತ್ತದೆ.

1857ರ ದಂಗೆಯ ಬಳಿಕ ಕೈರಾನವಿ ಮೆಕ್ಕಾ ಸೇರಿದರು. ಅವರು ಅರಬ್ಬಿಯಲ್ಲಿ ಬರೆದ ‘ಇಜ್‌ಹಾರುಲ್ ಹಕ್’ 1864ರಲ್ಲಿ ಇಸ್ತಾಂಬುಲ್‌ನಲ್ಲಿ ಅಚ್ಚಾಗಿ, ಮುಂದೆ ತುರ್ಕಿ, ಫ್ರೆಂಚ್, ಉರ್ದು ಭಾಷೆಗಳಿಗೆ ಅನುವಾದವಾಯಿತು.